ಪೂಜೆಗಿಟ್ಟ ಪುಸ್ತಕ ಓದುವವರು

ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬ ಮಾಡಬಾರದು ಅನ್ನುವುದು ವೈಜಯಂತಿಗೆ ಗೊತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಗೊತ್ತಿತ್ತು. ಹೊಳೆನರಸೀಪುರದ ಅತ್ತೆಯ ಕೈಯಲ್ಲಿ ಪಳಗಿದವಳು ಅವಳು. ಯಾವ ತಿಥಿಗೆ ಏನು ಕೂಡದು, ಯಾವ ನಕ್ಷತ್ರಕ್ಕೆ ಏನು ಆಗದು ಅನ್ನುವುದೆಲ್ಲ ಬಾಯಿಪಾಠ. ಗಂಡ ಅನಂತರಾಮರು ತೀರಿಕೊಂಡದ್ದು ಆ ವರ್ಷದ ಜನವರಿಯ ಚಳಿಯಲ್ಲಿ. ಆಮೇಲೆ ಯುಗಾದಿಗೆ ಬೇವು ಬೆಲ್ಲ ಇಲ್ಲ, ಗಣೇಶನ ಹಬ್ಬಕ್ಕೆ ಬಾಗಿಲಿಗೆ ತೋರಣ ಇಲ್ಲ. ಅಂಥವಳು ನವರಾತ್ರಿಯ ಮೂಲಾ ನಕ್ಷತ್ರದ ದಿನ ಬೆಳಿಗ್ಗೆ ಎದ್ದು, ತಲೆಗೆ ನೀರು ಹಾಕಿಕೊಂಡು, ದೇವರ ಮೂಲೆಯಲ್ಲಿ ಮಣೆಯಿಟ್ಟು ಸರಸ್ವತಿಯನ್ನು ಕೂರಿಸಿಯೇಬಿಟ್ಟಳು. ಪುರೋಹಿತರನ್ನು ಕರೆಯಲಿಲ್ಲ, ಮಗನಿಗೂ ಹೇಳಲಿಲ್ಲ.

ಭಕ್ತಿಯೇ? ಅಯ್ಯೋ, ಎಲ್ಲಿಯ ಭಕ್ತಿ! ಮಗನ ಪುಸ್ತಕಗಳನ್ನು ಕಟ್ಟಿಹಾಕಬೇಕಿತ್ತು, ಅಷ್ಟೆ.

ಮಗ ಅನೀಶ್‌ಗೆ ಇಪ್ಪತ್ತಮೂರು ಮುಗಿದಿತ್ತು. ಹುಟ್ಟಿದ್ದು, ಬೆಳೆದದ್ದು ಎಲ್ಲ ದೆಹಲಿಯಲ್ಲೇ. ಲೋಧಿ ಕಾಲೋನಿಯ ಸರ್ಕಾರಿ ಮನೆಯ ಕಮಾನಿನ ಕೆಳಗೆ ಕ್ರಿಕೆಟ್ ಆಡಿ, ಹಿಂದಿಯಲ್ಲಿ ಕನಸು ಕಂಡು, ಅಮ್ಮನ ಹತ್ತಿರ ಮಾತ್ರ ಒಂದಿಷ್ಟು ಕುಂಟುಗನ್ನಡ ಆಡುತ್ತಿದ್ದ ಹುಡುಗ. ಅಪ್ಪ ಹೋದ ಮೇಲೆ ಅವನಿಗೆ ಒಂದು ಕೆಲಸ ಕಾದಿತ್ತು. ಸೇವೆಯಲ್ಲಿರುವಾಗಲೇ ತೀರಿಕೊಂಡ ನೌಕರನ ಮಗನಿಗೆ ಅನುಕಂಪದ ಮೇಲೆ ಕೊಡುವ ಗುಮಾಸ್ತೆ ಕೆಲಸ. ಸರ್ಕಾರಕ್ಕೆ ಅನುಕಂಪ ಹುಟ್ಟುವುದೇ ಅಪರೂಪ, ಹುಟ್ಟಿದಾಗ ಬೇಡವೆನ್ನುವವರುಂಟೆ? ಕೆಲಸಕ್ಕೆ ಸೇರಿದರೆ ಮನೆಯೂ ಅವನ ಹೆಸರಿಗಾಗುತ್ತಿತ್ತು. ಸೇರದಿದ್ದರೆ ಚಳಿಗಾಲ ಕಳೆಯುವುದರೊಳಗೆ ಗಂಟುಮೂಟೆ ಕಟ್ಟಬೇಕು. ಅನಂತರಾಮರು ಬಿಸಿನೀರು ಕಾಯಿಸಿಕೊಂಡ ಬಚ್ಚಲು, ಕೂತು ಪೇಪರ್ ಓದಿದ ವರಾಂಡ, ನಶ್ಯದ ಡಬ್ಬಿ ಇಡುತ್ತಿದ್ದ ಗೂಡು, ಎಲ್ಲವನ್ನೂ ಯಾರೋ ಅಪರಿಚಿತರ ಕೈಗೊಪ್ಪಿಸಿ ಹೋಗಬೇಕು.

ಅನೀಶ್‌ನ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. ಅವನಿಗೆ ಕಂಪನಿ ಕಟ್ಟಬೇಕಿತ್ತು! ಅವನೂ ಅವನ ಗೆಳೆಯ ಮಹಂತೇಶನೂ ಸೇರಿ. ಮಹಂತೇಶ್ ಧಾರವಾಡದ ಕಡೆಯ ಹುಡುಗ, ದೆಹಲಿಗೆ ಓದಲು ಬಂದವನು. ದಿನಾ ನೋಯ್ಡಾಗೆ ಒಬ್ಬೊಬ್ಬರೇ ಕಾರು ಓಡಿಸಿಕೊಂಡು ಹೋಗುವವರನ್ನು ಮೊಬೈಲ್ ಮೆಸೇಜಿನಲ್ಲೇ ಹುಡುಕಿ, ನಾಲ್ಕು ಜನರನ್ನು ಒಂದೇ ಕಾರಿಗೆ ಕೂಡಿಸುವುದು ಇವರ ಯೋಜನೆ. ನೋಯ್ಡಾದಲ್ಲಿ ಮಹಂತೇಶನ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರಿದ್ದರು, ಎರಡು ಕಂಪನಿ ಕಟ್ಟಿ ಗೆದ್ದವರು. ಅವರು ಇವರ ಮಾತನ್ನೆಲ್ಲ ಕೇಳಿಸಿಕೊಂಡು, ಕಂಪನಿ ಕಟ್ಟುವವರು ಮೊದಲು ಓದಲೇಬೇಕಾದ ಪುಸ್ತಕಗಳು ಅಂತ ಒಂದಿಷ್ಟು ಹೆಸರು ಹೇಳಿ, "ಇಬ್ಬರೂ ಇವನ್ನು ಅರಗಿಸಿಕೊಂಡು ಬನ್ನಿ, ಆಮೇಲೆ ಕೂತು ಮಾತಾಡೋಣ" ಅಂದಿದ್ದರಂತೆ. ದಸರೆಯ ಮರುದಿನ, ಸೋಮವಾರ ಬರಲು ಹೇಳಿದ್ದರು. ಸರ್ಕಾರಿ ಕೆಲಸಕ್ಕೆ ಹಾಜರಾಗಬೇಕಾಗಿದ್ದೂ ಅದೇ ಸೋಮವಾರವೇ.

ಪುಸ್ತಕಗಳು ದರಿಯಾಗಂಜ್‌ನ ಭಾನುವಾರದ ಫುಟ್‌ಪಾತಿನಿಂದ ಬಂದವು. ಇಬ್ಬರಿಗೂ ಸೇರಿ ಒಂದೇ ಒಂದು ಪ್ರತಿ. ಮಹಂತೇಶ್ ಓದಿ ಮುಗಿಸಿ ಇವನ ಕೈಗಿತ್ತಿದ್ದ. ಒಂದರ ರಕ್ಷಾಪುಟದಲ್ಲಿ ಬೋಳುತಲೆಯ ಬಿಳಿಯನೊಬ್ಬ ಕೈಕಟ್ಟಿಕೊಂಡು ನಗುತ್ತಿದ್ದ. ಇನ್ನೊಂದರಲ್ಲಿ ಒಂದು ಏಣಿ, ಏಣಿಯ ತುದಿಯಲ್ಲಿ ಏನೂ ಇಲ್ಲ. ಗಿರಾಕಿಯ ಮನಸ್ಸು ತಿಳಿಯುವುದು ಹೇಗೆ ಅಂತ ಒಂದು, ಕಂಪನಿಗಳು ಯಾಕೆ ಸಾಯುತ್ತವೆ ಅಂತ ಒಂದು. ಮಗ ಕಾಲು ಕುಣಿಸುತ್ತಾ, ಬಾಯಲ್ಲೇ ಹಾಡು ಗುನುಗುತ್ತಾ, ಮುಂದೆ ಓದಿ ಮತ್ತೆ ಹಿಂದಿನ ಹಾಳೆಗೆ ಹಾರಿ ಇವನ್ನು ಓದುವುದನ್ನು ನೋಡಿದರೆ ವೈಜಯಂತಿಗೆ ಮೈ ಉರಿಯುತ್ತಿತ್ತು. ಸಾಯುವ ವಿಷಯ ಈ ಮನೆಯಲ್ಲಿ ಪುಸ್ತಕ ನೋಡಿ ಕಲಿಯಬೇಕೇ?

ಅದಕ್ಕೇ ಈ ಉಪಾಯ. ಅವರ ಮನೆಯ ಪದ್ಧತಿ ಏನೆಂದರೆ, ಮೂಲಾ ನಕ್ಷತ್ರದಲ್ಲಿ ಆವಾಹನೆ ಮಾಡಿ ಮಣೆಗೇರಿಸಿದ ಪುಸ್ತಕವನ್ನು ವಿಜಯದಶಮಿಯ ದಿನ ವಿಸರ್ಜನೆ ಮಾಡಿ ಇಳಿಸುವ ತನಕ ಯಾರೂ ಮುಟ್ಟುವ ಹಾಗಿಲ್ಲ, ಓದುವ ಹಾಗಂತೂ ಇಲ್ಲವೇ ಇಲ್ಲ. ಮಗ ಸ್ನಾನಕ್ಕೆ ಹೋದದ್ದೇ ತಡ, ಮೇಜಿನ ಮೇಲಿದ್ದ ಪುಸ್ತಕಗಳನ್ನೆಲ್ಲ ಬಾಚಿಕೊಂಡು ಬಂದು ಮಣೆಯ ಮೇಲೆ ಪೇರಿಸಿದಳು. ಮೇಲೆ ರೇಷ್ಮೆ ವಸ್ತ್ರ ಹೊದಿಸಿ, ಸೇವಂತಿಗೆ ಇಟ್ಟು, ಅಕ್ಷತೆ ಹಾಕಿ, ಬಾ ತಾಯಿ, ಬಂದು ನೆಲಸು ಅಂತ ಕೈಮುಗಿದಳು. ಕೈಮುಗಿಯುವಾಗ ಕಣ್ಣೆದುರು ಬಂದದ್ದು ಸರಸ್ವತಿಯ ಮುಖವಲ್ಲ, ಗಂಡನ ಮುಖ. ನೀವಾದರೂ ಬಂದು ಈ ಹುಡುಗನಿಗೆ ಬುದ್ಧಿ ಹೇಳಬಾರದೇ ಅಂತ ಅವಳ ಮನಸ್ಸು ಅತ್ತಿತು.

"ಅಮ್ಮಾ, ಯೇ ಕ್ಯಾ ಹೈ?" ಟವೆಲ್ ಸುತ್ತಿಕೊಂಡು ಬಂದ ಅನೀಶ್ ಬಾಗಿಲಲ್ಲೇ ನಿಂತ. "ನನ್ನ ಬುಕ್ಸ್ ಯಾಕೆ ಪೂಜಾದಲ್ಲಿ ಇಟ್ಟಿದ್ದು?"

"ಸರಸ್ವತಿ ಪೂಜೆ ಕಣೋ. ದಶಮಿ ತನಕ ಮುಟ್ಟಬೇಡ."

"ಆದ್ರೆ ಈ ಸಲ ಹಬ್ಬ ಇಲ್ಲ ಅಂದಿದ್ದೆ ನೀನು! ಮಂಡೇ ನನಗೆ ನೋಯ್ಡಾ ಹೋಗ್ಬೇಕು ಯಾರ್, ಇನ್ನೂ ಆಧಾ ಭೀ ಓದಿಲ್ಲ."

"ಯಾರ್ ಗೀರ್ ಅಂದ್ರೆ ಹಲ್ಲು ಮುರೀತೀನಿ. ದೇವರ ಮುಂದೆ ಇಟ್ಟಿದ್ದನ್ನ ಎತ್ತೋದಾದ್ರೆ ಎತ್ತು, ನಾನೇನು ಕೈ ಹಿಡ್ಕೊಂಡಿದೀನಾ?"

ಅವನು ಎತ್ತಲಿಲ್ಲ. ಎತ್ತಲಾರ ಅಂತ ಅವಳಿಗೆ ಗೊತ್ತಿತ್ತು. ಏನೇ ದೆಹಲಿಯವನಾದರೂ, ಚಿಕ್ಕಂದಿನಿಂದ ಆ ವಸ್ತ್ರದ ಅಂಚನ್ನೂ ಮುಟ್ಟಿದವನಲ್ಲ. ಮುಖ ಗಂಟಿಕ್ಕಿಕೊಂಡು, "ಚಲೋ, ಸಂಡೇ ತೆಗಿ ಪ್ಲೀಸ್" ಅಂದು ತನ್ನ ಕೋಣೆಗೆ ಹೋದ. ಗೆದ್ದೆ ಅಂದುಕೊಂಡಳು ವೈಜಯಂತಿ.

ಎದುರು ಮನೆಯ ಮನೋರಮಾ ಬಾಳೆಹಣ್ಣು ಕೊಡಲು ಬಂದವಳು ಮಣೆಯನ್ನು ಕಂಡು ಗಲ್ಲಕ್ಕೆ ಕೈಯಿಟ್ಟುಕೊಂಡಳು. "ಇದೇನ್ರೀ ವೈಜಯಂತಿ! ವರ್ಷ ತುಂಬೋದರೊಳಗೆ ಆವಾಹನೆ ಮಾಡಿದೀರಾ? ನಮ್ಮಮ್ಮ ಹೇಳೋರು, ಸತ್ತವರ ದಾರಿ ಇನ್ನೂ ಸವೆಯದೆ ಇರೋ ಮನೇಲಿ ಯಾರನ್ನೂ ಹೆಸರು ಹಿಡಿದು ಕರೀಬಾರದಂತೆ. ಯಾರು ಹತ್ತಿರ ಇರ್ತಾರೋ ಅವರು ಬಂದುಬಿಡ್ತಾರಂತೆ."

"ನಿಮ್ಮಮ್ಮ ಎಷ್ಟೆಲ್ಲ ಹೇಳಿದ್ರು ಪಾಪ," ಅಂತ ವೈಜಯಂತಿ ಮಾತು ತೇಲಿಸಿ, ಬಾಳೆಹಣ್ಣು ತೆಗೆದುಕೊಂಡು ಕಳಿಸಿದಳು.

ಮರುದಿನ ಮಧ್ಯಾಹ್ನ. ಅನೀಶ್ ಮಹಂತೇಶನ ಹಾಸ್ಟೆಲಿಗೆ ಹೋಗಿದ್ದ. ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗೂ ನಿಂತಿತ್ತು. ವೈಜಯಂತಿ ನಡುಮನೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೆನ್ನ ಹಿಂದೆ ದೇವರ ಮೂಲೆ. ಹಾಳೆ ಮಗುಚಿದ ಸದ್ದಾಯಿತು.

ಫ್ಯಾನಿನ ಗಾಳಿ ಅಂದುಕೊಂಡಳು. ತಲೆಯೆತ್ತಿ ನೋಡಿದರೆ ಫ್ಯಾನು ಹಾಕಿಯೇ ಇರಲಿಲ್ಲ. ತುಸು ಹೊತ್ತಿಗೆ ಮತ್ತೆ ಸದ್ದು. ಈ ಸಲ ಅದಕ್ಕೆ ಮುಂಚೆ ಇನ್ನೊಂದು ಸಣ್ಣ ಸದ್ದು ಕೇಳಿಸಿತು, ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುವ ಸದ್ದು. ಆಮೇಲೆ ಗಂಟಲಿನಲ್ಲೇ "ಹ್ಞೂಂ" ಅಂತೊಂದು ಸ್ವರ. ವೈಜಯಂತಿ ಅಕ್ಕಿ ಆರಿಸುವುದನ್ನು ಬಿಟ್ಟು ಮೊರವನ್ನು ಕೆಳಗಿಟ್ಟಳು.

ಇಪ್ಪತ್ತೈದು ವರ್ಷ ಅದೇ ಮನೆಯಲ್ಲಿ ಅದೇ ಸದ್ದನ್ನು ಕೇಳಿದವಳು ಅವಳು. ಅನಂತರಾಮರು ಮನೆಗೆ ತಂದ ಫೈಲುಗಳನ್ನು ಹಾಗೆಯೇ ಓದುತ್ತಿದ್ದರು. ಬೆರಳು ಒದ್ದೆ ಮಾಡಿ, ಹಾಳೆ ಮಗುಚಿ, ಪ್ರತಿ ಹಾಳೆಗೊಂದು ಹ್ಞೂಂ.

ತಿರುಗಿ ನೋಡುವುದಕ್ಕೆ ಬಹಳ ಹೊತ್ತು ಬೇಕಾಯಿತು. ನೋಡಿದರೆ ಏನೂ ಇಲ್ಲ. ಮಣೆ ಹಾಗೇ ಇದೆ, ವಸ್ತ್ರ ಹಾಗೇ ಇದೆ, ಸೇವಂತಿಗೆಯ ಒಂದೆಸಳೂ ಕದಲಿಲ್ಲ. ಹತ್ತಿರ ಹೋದಾಗ ಮಾತ್ರ ನಶ್ಯದ ಘಾಟು ಮೂಗಿಗೆ ಹೊಡೆಯಿತು. ಮಡಿ ಮೈಲಿಗೆ ಎಲ್ಲ ಮರೆತು ವಸ್ತ್ರದ ಅಂಚೆತ್ತಿದಳು. ಮೇಲಿನ ಪುಸ್ತಕದಲ್ಲಿ ಗುರುತಿಗೆ ಅಂತ ಅನೀಶ್ ಇಟ್ಟಿದ್ದ ಬಸ್ ಟಿಕೆಟ್ಟು ಮೊದಲ ಹತ್ತಾರು ಹಾಳೆಗಳಲ್ಲಿತ್ತು ಅಂತ ಅವಳಿಗೆ ನೆನಪು. ಈಗ ಅದು ಪುಸ್ತಕದ ನಡುವಿಗೆ ಬಂದಿತ್ತು, ಆ ಹಾಳೆಯ ಮೂಲೆಯನ್ನು ಯಾರೋ ಒತ್ತಿ ಎರಡು ಮಡಿಕೆ ಮಡಿಸಿದ್ದರು. ಎರಡು ಮಡಿಕೆ ಮಡಿಸುವ ಕೈ ಆ ಮನೆಯಲ್ಲಿ ಒಂದೇ ಇದ್ದದ್ದು.

ಸಂಜೆ ಮಗ ಬಂದಾಗ, "ಕದ್ದು ಓದಿದೆಯೇನೋ?" ಅಂತ ಕೇಳಿದಳು. "ಅರೇ, ನಿನ್ನ ಕಸಮ್, ನಾನು ಮುಟ್ಟಿಲ್ಲ ಅಮ್ಮಾ," ಅಂದ ಅವನು. ಮುಖ ನೋಡಿದರೆ ಸುಳ್ಳಾಡುವವನ ಹಾಗಿರಲಿಲ್ಲ.

ಮೊದಲ ದಿನ ಹೆದರಿಕೆಯಾಗಿತ್ತು, ನಿಜ. ಆದರೆ ಒಂದು ಮಾತು ಹೇಳಿ, ತನ್ನ ಗಂಡನಿಗೆ ಯಾರಾದರೂ ಎಷ್ಟು ದಿನ ಹೆದರುತ್ತಾರೆ? ಅನಂತರಾಮರು ಹೋದದ್ದು ಆಫೀಸಿನಿಂದ ಬರುವ ಚಾರ್ಟರ್ಡ್ ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿಕೊಂಡು. ನಿದ್ದೆ ಬಂದಿದೆ ಅಂತ ಪಕ್ಕದವರು ಎಬ್ಬಿಸಲಿಲ್ಲ. ಇಳಿಯುವ ಸ್ಟಾಪು ದಾಟಿ ಬಸ್ಸು ಕೊನೆಯ ಸ್ಟಾಪಿನ ತನಕ ಅವರನ್ನು ಹೊತ್ತುಕೊಂಡು ಹೋಗಿತ್ತು. ಒಂದು ಮಾತಾಡದೆ, ಒಂದು ಗುಟುಕು ನೀರು ಕೇಳದೆ ಹೋದವರು. ಅಂಥವರು ಬಂದು ಮನೆಯಲ್ಲಿ ಕೂತು ಓದುತ್ತಿದ್ದಾರೆಂದರೆ ಅವಳ ಜೀವ ಹಿಗ್ಗದೆ ಇರುತ್ತದೆಯೇ? ಅದರ ಮಾರನೆಯ ಮಧ್ಯಾಹ್ನ ಅವಳೇ ಎರಡು ಲೋಟ ಕಾಫಿ ಮಾಡಿದಳು. ಒಂದನ್ನು ಮಣೆಯ ಹತ್ತಿರ ಇಟ್ಟು, ಮೂಲೆಗೆ ಬೆನ್ನು ಹಾಕಿಕೊಂಡು ಕೂತಳು.

"ಏನ್ರೀ, ಬದುಕಿದ್ದಾಗ ರೈಲ್ವೆ ಟೈಮ್‌ಟೇಬಲ್ ಬಿಟ್ಟರೆ ಇನ್ನೊಂದು ಪುಸ್ತಕ ಮುಟ್ಟಲಿಲ್ಲ. ಈಗ ಕಂಪನಿ ಕಟ್ಟೋದು ಕಲೀತಿದೀರಾ?"

ಹಾಳೆ ಮಗುಚಿತು.

"ಮಗನಿಗೆ ಹೇಳಿ, ಕೆಲಸಕ್ಕೆ ಸೇರ್ಕೋ ಅಂತ. ನನ್ನ ಮಾತು ಕೇಳಲ್ಲ ಅವನು."

ಇನ್ನೊಂದು ಹಾಳೆ. ಹ್ಞೂಂ.

ಅದೇ ಹೊತ್ತಿಗೆ ಮನೋರಮಾ ಸಕ್ಕರೆ ಕೇಳಿಕೊಂಡು ಬಂದಳು. ಹೊಸ್ತಿಲ ಮೇಲೆ ನಿಂತು ಒಳಗೆ ಕಿವಿಗೊಟ್ಟು, "ಅನೀಶ್ ಓದ್ತಿದಾನೇನ್ರೀ? ಅದೇನು ಅಷ್ಟು ಜೋರಾಗಿ ಹಾಳೆ ತಿರುವ್ತಾನೆ," ಅಂದಳು. ಅನೀಶ್ ಮನೆಯಲ್ಲಿರಲಿಲ್ಲ. ಹೌದು ಅಂತ ಸುಳ್ಳು ಹೇಳಿ ವೈಜಯಂತಿ ಬಟ್ಟಲ ತುಂಬ ಸಕ್ಕರೆ ಕೊಟ್ಟು ಬಾಗಿಲು ಹಾಕಿಕೊಂಡಳು.

ವಿಜಯದಶಮಿ ಬಂತು. ಬೀದಿಯಲ್ಲಿ ರಾವಣನನ್ನು ಸುಡುವ ಸಡಗರ, ಹಾಲೆ ಮರಗಳ ಹೂವಿನ ತಲೆನೋಯಿಸುವ ಘಮ. ಬೆಳಿಗ್ಗೆಯಿಂದ ಅನೀಶ್ ನಾಲ್ಕು ಸಲ ಕೇಳಿದ. ವೈಜಯಂತಿ ಮಣೆಯ ಹತ್ತಿರ ಹೋದಳು, ಮಣೆಯನ್ನು ಕದಲಿಸಲು ಕೈ ಚಾಚಿದಳು, ಆಗಲಿಲ್ಲ. ವಿಸರ್ಜನೆ ಅಂದರೆ ಹೋಗಿ ಅಂದ ಹಾಗಲ್ಲವೇ? ಒಮ್ಮೆ ಹೇಳದೆ ಕೇಳದೆ ಹೋದವರನ್ನು ಈಗ ಬಾಯಿಬಿಟ್ಟು ಹೋಗಿ ಅನ್ನಬೇಕೇ? ಜೊತೆಗೆ ಇನ್ನೊಂದೂ ಇತ್ತು. ಪುಸ್ತಕ ಇಳಿದರೆ ಮಗ ನೋಯ್ಡಾಗೆ ಹೊರಟ ಹಾಗೆ. ಶ್ರವಣ ನಕ್ಷತ್ರ ಕೂಡಿಬಂದಿಲ್ಲ, ಈವತ್ತು ಎತ್ತಬಾರದು ಅಂತ ಬಾಯಿಗೆ ಬಂದದ್ದು ಹೇಳಿದಳು.

ಸಂಜೆ ಮಹಂತೇಶನೇ ಬಂದ. ನಮಸ್ಕಾರ ಮಾಡಿ ಕೂತು, "ಅಮ್ಮಾರ, ಹಿಂಗ್ ಮಾಡಬ್ಯಾಡ್ರೀ," ಅಂದ. "ಪುಸ್ತಕ ಓದದ ಬಂದ್ರ ಒಳಗ ಕರಿಯಂಗಿಲ್ಲ ಅಂದಾರ್ರೀ ಅವ್ರು. ಒಂದ್ ರಾತ್ರಿ ಸಿಕ್ರೂ ಸಾಕು, ಇಂವಾ ಓದಿ ಮುಗಸ್ತಾನ. ಇಂವಾ ಇಲ್ಲದ ನನಗೊಬ್ಬಂಗ ಆಗಂಗಿಲ್ರೀ."

ವೈಜಯಂತಿ ಮಗನ ಕಡೆ ತಿರುಗಿದಳು. ಹೇಳಬಾರದು ಅಂದುಕೊಂಡಿದ್ದ ಮಾತು ಬಾಯಿಂದ ಹೊರಬಿತ್ತು. "ನಿಮ್ಮಪ್ಪ ಓದ್ತಿದಾರೆ ಕಣೋ. ಮಧ್ಯಾಹ್ನ ಎಲ್ಲ ಇಲ್ಲೇ ಕೂತಿರ್ತಾರೆ. ಇನ್ನೊಂದು ಪುಸ್ತಕ ಮುಗಿದಿಲ್ಲ. ಅರ್ಧಕ್ಕೆ ಎಬ್ಬಿಸ್ಲಾ?"

ಹುಡುಗರಿಬ್ಬರೂ ಮುಖ ಮುಖ ನೋಡಿಕೊಂಡರು. ಅನೀಶ್ ಎದ್ದು ಬಂದು ಅವಳ ಪಕ್ಕ ಕೂತ. ಮಣೆಯ ಪಕ್ಕದಲ್ಲಿ ತಣ್ಣಗಾಗಿ ಕೆನೆಕಟ್ಟಿದ ಕಾಫಿ ಲೋಟವನ್ನು ನೋಡಿದ, ಅಮ್ಮನ ಕಣ್ಣು ನೋಡಿದ. ಅವನ ಮುಖದಲ್ಲಿದ್ದದ್ದು ಹೆದರಿಕೆ, ದೆವ್ವದ ಹೆದರಿಕೆಯಲ್ಲ, ಅಮ್ಮನಿಗೆ ತಲೆ ಕೆಡುತ್ತಿದೆ ಅನ್ನುವ ಹೆದರಿಕೆ. ಗೆಳೆಯನನ್ನು ಕಳಿಸಲು ಮೆಟ್ಟಿಲಿಳಿದು ಹೋದವನು ಕಮಾನಿನ ಕೆಳಗೆ, "ಮಾ ಕೋ ಐಸೆ ಛೋಡ್ ಕೇ ನಹೀಂ ಆ ಸಕ್ತಾ ಯಾರ್," ಅಮ್ಮನನ್ನು ಹೀಗೆ ಬಿಟ್ಟು ಬರಲಾರೆ ಅನ್ನುತ್ತಿದ್ದದ್ದು ಅವಳಿಗೆ ಕೇಳಿಸಿತು. ಮೇಲೆ ಬಂದು, "ಓಕೆ ಅಮ್ಮಾ. ನಾಳೆ ಅಪ್ಪನ ಆಫೀಸ್ ಹೋಗ್ತೀನಿ. ನೀನು ಅಳಬೇಡ," ಅಂದ. ಅವಳಿಗೆ ನಾಚಿಕೆಯಾಯಿತು. ಆದರೂ ಒಳಗೊಳಗೆ ಸಂತೋಷವೇ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಬೇಕು.

ಸೋಮವಾರ ಅವನು ಅಪ್ಪ ಹೋಗುತ್ತಿದ್ದ ಚಾರ್ಟರ್ಡ್ ಬಸ್ಸಿನಲ್ಲೇ ಹೋದ. ಸಂಜೆ ಬಂದು, ಆಫೀಸಿನವರೆಲ್ಲ ಪ್ರೀತಿಯಿಂದ ಮಾತಾಡಿಸಿದರು, ಮೂಲೆಯಲ್ಲಿ ಎತ್ತಿಟ್ಟಿದ್ದ ಅಪ್ಪನ ಬೆತ್ತದ ಕುರ್ಚಿಯನ್ನೇ ಒರೆಸಿ ಕೂರಿಸಿದರು ಅಂದ. ಹೇಳುತ್ತಾ ಶೂ ಬಿಚ್ಚಿ ಗೋಡೆಯ ಕಡೆ ಮೂತಿ ಮಾಡಿ ಇಟ್ಟ. ಅನೀಶ್ ಹುಟ್ಟಿದ ಮೇಲೆ ಶೂಗಳನ್ನು ಜೊತೆಯಾಗಿ ಇಟ್ಟದ್ದೇ ಅದು ಮೊದಲು. ಪಾಪ, ಜವಾಬ್ದಾರಿ ಬಂತು ಅಂದುಕೊಂಡಳು ಅವಳು.

ಮರುದಿನ ಕರ್ಚೀಫನ್ನು ಕಾಲರಿನ ಹಿಂದೆ ಸಿಕ್ಕಿಸಿಕೊಂಡು ಬಂದ. ಅದರ ಮರುದಿನ ಕಾಫಿಗೆ ಸಕ್ಕರೆ ಬೇಡವೆಂದ. ವಾರ ಕಳೆಯುವುದರೊಳಗೆ ಅವನ ಮಾತಿನಿಂದ ಯಾರ್ ಹೋಯಿತು, ಅಚ್ಛಾ ಹೋಯಿತು, ಇಂಗ್ಲಿಷೂ ಹೋಯಿತು. "ಈವತ್ತು ಬಸ್ಸಿನಲ್ಲಿ ಕಾಲಿಡೋಕೆ ಜಾಗವಿರಲಿಲ್ಲ ನೋಡು. ಹಾಳಾದೋರು, ಕುರಿ ತುಂಬಿದ ಹಾಗೆ ತುಂಬ್ತಾರೆ," ಅಂತ ಹೊಳೆನರಸೀಪುರದ ಅಚ್ಚ ಕನ್ನಡದಲ್ಲಿ ಒಂದೂ ತಡವರಿಸದೆ ಹೇಳಿದ. ಹೊಳೆನರಸೀಪುರವನ್ನು ಆ ಹುಡುಗ ಬೇಸಿಗೆ ರಜೆಯಲ್ಲಿ ಎರಡು ಸಲ ನೋಡಿದ್ದ, ಅಷ್ಟೆ. ಕಮಾನಿನ ಕೆಳಗೆ ನಿಂತಿದ್ದ ಮನೋರಮಾ, "ಥೇಟ್ ಅವರಪ್ಪನ್ನೇ ನೋಡಿದ ಹಾಗಾಯ್ತು ಕಣ್ರೀ, ನಡಿಗೆ ಕೂಡ," ಅಂದಾಗ ವೈಜಯಂತಿ ನಕ್ಕಳು. ಆದರೆ ಆ ಸಂಜೆ ಕಾಫಿ ಲೋಟ ಮುಂದೆ ಹಿಡಿದವಳು "ತಗೊಳ್ಳಿ" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಅವನು ಲೋಟ ತೆಗೆದುಕೊಂಡು ಕುಡಿದ.

ಇತ್ತ ಮೂಲೆಯಲ್ಲೂ ಏನೋ ಬದಲಾಗಿತ್ತು. ಓದು ನಿಂತಿರಲಿಲ್ಲ, ಇನ್ನೂ ಜೋರಾಗಿತ್ತು. ಆದರೆ ಬೆರಳು ಒದ್ದೆ ಮಾಡುವ ಸದ್ದಿಲ್ಲ, ಹ್ಞೂಂ ಇಲ್ಲ. ಹಾಳೆಗಳು ಸರಸರ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರುತ್ತಿದ್ದವು. ಮಣೆಯ ಒಂದು ಕಾಲು ನೆಲಕ್ಕೆ ಟಕಟಕ ಬಡಿಯುತ್ತಿತ್ತು, ಯಾರೋ ಕೂತು ಮೊಣಕಾಲು ಕುಣಿಸುತ್ತಿದ್ದ ಹಾಗೆ. ಈ ವಯಸ್ಸಿನಲ್ಲಿ ಇವರಿಗೆ ಇದೆಂಥ ಚಟ ಅಂತ ಅವಳಿಗೆ ಸೋಜಿಗವಾಯಿತು. ಒಂದು ಮಧ್ಯಾಹ್ನ ಬಾಯಲ್ಲೇ ಗುನುಗುವ ಹಾಡೂ ಕೇಳಿಸಿತು, ಯಾವುದೋ ಹೊಸ ಹಿಂದಿ ಸಿನಿಮಾದ್ದು. ನಶ್ಯದ ಘಾಟು ಮೂಲೆಯಲ್ಲಿ ಪೂರಾ ಆರಿಹೋಗಿತ್ತು. ಒಗೆಯಲು ಹಾಕಿದ್ದ ಮಗನ ಕರ್ಚೀಫಿನಲ್ಲಿ ಅದು ಸಿಕ್ಕಿತು, ಕಂದು ಕಲೆಯ ಸಮೇತ.

ಅವಳು ಕರ್ಚೀಫನ್ನು ಬಕೆಟ್ಟಿಗೆ ಹಾಕಿ ಸೋಪು ಉಜ್ಜಿದಳು. ಆಫೀಸಿನಲ್ಲಿ ಯಾರೋ ಚಟ ಹತ್ತಿಸಿದ್ದಾರೆ ಅಂತ ತನಗೆ ತಾನೇ ಹೇಳಿಕೊಂಡಳು. ಬೇರೇನನ್ನೂ ಯೋಚಿಸುವುದಿಲ್ಲ ಅಂತ ಹಟ ಹಿಡಿದವಳ ಹಾಗೆ ಉಜ್ಜಿದಳು.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಮಹಂತೇಶ್ ಓಡೋಡಿ ಬಂದ. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ನೋಯ್ಡಾದವರ ಹತ್ತಿರ ಒಬ್ಬನೇ ಹೋಗಿ ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲ ಮಾಡಿದ್ದನಂತೆ. ಅವರು ಒಪ್ಪಿದ್ದರು, ಆದರೆ ಅನೀಶ್‌ನೂ ಬರಲೇಬೇಕು ಅಂದಿದ್ದರು. "ಯಾಕಲೇ ಫೋನ್ ಎತ್ತವಲ್ಲಿ? ನಡಿ, ಈಗ ಹೋಗೂಣು," ಅಂತ ಗೆಳೆಯನ ಹೆಗಲಿಗೆ ಕೈ ಹಾಕಿದ.

ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದವನು ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಕನ್ನಡಕ ಇಲ್ಲದ ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ತಲೆಯೆತ್ತಿ ನೋಡಿದ.

"ಬಾರಪ್ಪ, ಕೂತ್ಕೋ. ಕನ್ನಡದವನಾ? ಯಾವೂರು ನಿನ್ನದು?"

"ಏ, ಚಾಷ್ಟಿ ಮಾಡಬ್ಯಾಡಲೇ."

"ಅನೀಶನ್ನ ನೋಡೋಕೆ ಬಂದೆಯಾ? ಅವನು ಇಲ್ಲೇ ಎಲ್ಲೋ ಓದ್ತಾ ಕೂತಿರಬೇಕು. ಕಾಫಿ ಕುಡ್ಕೊಂಡು ಹೋಗು."

ಮಹಂತೇಶನ ನಗು ಮುಖದಲ್ಲೇ ಸತ್ತುಹೋಯಿತು. ಅವನು ಗೆಳೆಯನನ್ನು ನೋಡಿದ, ವೈಜಯಂತಿಯನ್ನು ನೋಡಿದ, ಬಾಗಿಲ ತನಕ ಹಿಂದಿಂದಕ್ಕೇ ನಡೆದು, ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದ.

ಒಗ್ಗರಣೆ ಸೀದು ಹೊಗೆಯೆದ್ದಿತು. ವೈಜಯಂತಿ ಒಲೆ ಆರಿಸಿದಳು. ಇಷ್ಟು ದಿನ ತಿಳಿಯದ ಹಾಗೆ ನಟಿಸಿದ್ದೆಲ್ಲ ಈಗ ಒಟ್ಟಿಗೇ ತಿಳಿಯಿತು. ಅವಳು ಕರೆದಿದ್ದಳು, ಅವರು ಬಂದಿದ್ದರು. ಪೂಜೆ ಎತ್ತಲಿಲ್ಲ, ಅವರೂ ಹೋಗಲಿಲ್ಲ. ಬಂದವರಿಗೆ ಇರಲು ಒಂದು ಜಾಗ ಬೇಕಲ್ಲ? ಆ ಜಾಗವನ್ನು ಅವಳೇ ಮಗನ ಕೈಹಿಡಿದು ಬಿಡಿಸಿಕೊಟ್ಟಿದ್ದಳು. ಜಾಗ ಕಳೆದುಕೊಂಡವನು ಓದಿ ಮುಗಿಸದ ಪುಸ್ತಕಗಳ ಹತ್ತಿರ ಹೋಗಿ ಕೂತಿದ್ದ, ಕಾಲು ಕುಣಿಸುತ್ತಾ, ಹಾಡು ಗುನುಗುತ್ತಾ, ನೋಯ್ಡಾಗೆ ಹೋಗುವ ದಿನಕ್ಕೆ ತಯಾರಾಗುತ್ತಾ.

"ಅಯ್ಯೋ ನನ್ನ ಕಂದಾ," ಅಂತ ವೈಜಯಂತಿ ದೇವರ ಮೂಲೆಗೆ ಓಡಿದಳು. ಕೈ ತೊಳೆಯಲಿಲ್ಲ, ಮಂತ್ರ ನೆನಪಾಗಲಿಲ್ಲ. ಹೋಗಿ, ಹೋಗಿ, ಹೋಗಿಬಿಡಿ, ನನ್ನ ಮಗನನ್ನ ನನಗೆ ಕೊಟ್ಟು ಹೋಗಿ ಅಂತ ಅಳುತ್ತಾ, ವಿಸರ್ಜನೆಗೆ ಕದಲಿಸುವ ಹಾಗೆ ಮಣೆಯನ್ನು ಉತ್ತರಕ್ಕೆ ಎಳೆದಳು. ಒಣಗಿದ ಸೇವಂತಿಗೆ ಚೆಲ್ಲಾಪಿಲ್ಲಿಯಾಯಿತು. ವಸ್ತ್ರ ಕಿತ್ತೆಸೆದು, ಪುಸ್ತಕಗಳನ್ನು ಎದೆಗವಚಿಕೊಂಡು ತಂದು ಅವನ ತೊಡೆಯ ಮೇಲೆ ಸುರಿದಳು. ಬಸ್ ಟಿಕೆಟ್ಟು ಕೊನೆಯ ಪುಸ್ತಕದ ಕೊನೆಯ ಹಾಳೆಗಳ ನಡುವೆ ಇತ್ತು.

"ಓದು ಮಗನೇ. ಓದು. ನೋಯ್ಡಾಗೆ ಹೋಗು. ಕಂಪನಿ ಕಟ್ಟು, ಏನು ಬೇಕಾದ್ರೂ ಕಟ್ಟು. ಮನೆ ಹೋದ್ರೆ ಹೋಗ್ಲಿ. ನಾನು ಬೇಡ ಅನ್ನಲ್ಲ ಕಣೋ."

ಅವನು ಮೇಲಿನ ಪುಸ್ತಕವನ್ನು ಕೈಗೆತ್ತಿಕೊಂಡ. ಬೆರಳನ್ನು ನಾಲಿಗೆಗೆ ತಾಗಿಸಿ ಒಂದು ಹಾಳೆ ಮಗುಚಿದ, ಹ್ಞೂಂ ಅಂದ. ಆಮೇಲೆ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಬಹಳ ಮರುಕದಿಂದ ಅವಳ ತಲೆ ಸವರಿದ.

"ಇದೆಲ್ಲ ನಮಗ್ಯಾಕೆ ವೈಜೂ? ಹಳೇ ಪೇಪರಿನ ಕಬಾಡಿಯವನು ಬಂದಾಗ ಹಾಕಿಬಿಡು."

ವೈಜೂ ಅಂತ ಅವಳನ್ನು ಈ ಲೋಕದಲ್ಲಿ ಕರೆಯುತ್ತಿದ್ದವರು ಒಬ್ಬರೇ. ಅವಳು ಆ ಕೈಯ ಕೆಳಗೆ ಹಾಗೇ ಕೂತಿದ್ದಳು. ಆ ಕೈ ಬೇಕೆಂದು ಎಷ್ಟು ಅತ್ತಿದ್ದಳು!

ಆಗ ಬರಿದಾದ ದೇವರ ಮೂಲೆಯಿಂದ, ಮಣೆಯೂ ಇಲ್ಲದ, ಹೂವೂ ಇಲ್ಲದ ಜಾಗದಿಂದ, ಸ್ವರ ಬಂತು. ಎಳೆಯ ಸ್ವರ, ತುಸು ಗಾಬರಿಗೊಂಡಿತ್ತು.

"ಅಮ್ಮಾ? ನನ್ನ ಬುಕ್ಸ್ ಕಹಾಂ ಗಯೀ? ಅಮ್ಮಾ, ಎಲ್ಲಿ ಇದ್ದಿ ನೀನು?"

ಕುರ್ಚಿಯಲ್ಲಿದ್ದವರೂ ಅದನ್ನು ಕೇಳಿಸಿಕೊಂಡರು. ತಲೆ ಓರೆ ಮಾಡಿ ಆ ಕಡೆ ನೋಡಿದರು.

"ಯಾರೇ ಅದು?"

"ನಮ್ಮ ಅನೀಶ ಕಣ್ರೀ," ಅಂದಳು ವೈಜಯಂತಿ.